ಹೊಸ್ತಿಲಿನಿಂದ ನೀರು ಕಾಣತಕ್ಕದ್ದು

ನಮ್ಮ ಊರಿನಲ್ಲಿ ಮನೆಗಳು ಸರಿಯುತ್ತವೆ. ಗುಡಿ, ಸಾಲೆ, ಸಂತೆಕಟ್ಟೆ, ಎಣ್ಣೆಗಿರಣಿ ಇವೆಲ್ಲ ಇದ್ದಲ್ಲೇ ಇರುತ್ತವೆ. ಕೆರೆಯೂ ಅದರ ಏರಿಯೂ ನಮ್ಮ ಮುತ್ತಜ್ಜಂದಿರು ಕಂಡ ಜಾಗದಲ್ಲೇ ಇವೆ. ಜನ ಉಂಡು ಮಲಗುವ ಮನೆಗಳು ಮಾತ್ರ ಸರಿಯುತ್ತವೆ. ಕೆಲವು ವಾರಕ್ಕೊಂದು ಗೇಣು. ಕೆಲವು ಹತ್ತು ವರ್ಷ ಅಲುಗದೆ ಕೂತಿದ್ದು ಒಂದೇ ಶ್ರಾವಣದಲ್ಲಿ ಇಡೀ ಓಣಿ ದಾಟಿಬಿಡುತ್ತವೆ. ಅಂಚೆಯವನು ದಿನಾ ಬೆಳಿಗ್ಗೆ ಸಂತೆಕಟ್ಟೆಯ ಮೇಲೆ ನಿಂತು ಯಾರ ಮನೆ ಎಲ್ಲಿಗೆ ಬಂತು ಎಂದು ಕೇಳಿಕೊಂಡೇ ಸೈಕಲ್ ಹತ್ತುತ್ತಾನೆ. ಹೆಣ್ಣು ಕೊಡುವವರು ಹುಡುಗನ ಕೆಲಸ ವಿಚಾರಿಸುವುದಕ್ಕೆ ಮೊದಲು ಅವನ ಮನೆ ಯಾವ ದಿಕ್ಕಿಗೆ ಹೊರಟಿದೆ ಎಂದು ಕೇಳುತ್ತಾರೆ. ನೆರೆಮನೆ ದೂರವಾಗುವ ಸೂಚನೆ ಕಂಡರೆ ಹೆಂಗಸರು ಅವರಿಂದ ತಂದಿದ್ದ ಪಾತ್ರೆಗಳನ್ನು ಹುಡುಕಿ ತೆಗೆದು, ಬರಿದಾಗಿ ಕೊಡಬಾರದೆಂದು ಒಂದು ಹಿಡಿ ಅಕ್ಕಿ ಹಾಕಿ ಮರಳಿಸುತ್ತಾರೆ.

ನಾನು ಚಂಪಾವತಿ. ರವಿಕೆ ಹೊಲಿಯುತ್ತೇನೆ. ಮನೆ ಸರಿಯುತ್ತ ಒಂದಿಷ್ಟು ತಿರುಗುತ್ತದೆಯಾದ್ದರಿಂದ ಬೆಳಕು ಬರುವ ಕಿಟಕಿ ವರ್ಷವರ್ಷಕ್ಕೆ ಬೇರೆಯಾಗುತ್ತದೆ; ನಾನು ನನ್ನ ಹೊಲಿಗೆ ಯಂತ್ರವನ್ನು ಬೆಳಕಿನ ಹಿಂದೆ ಎಳೆದುಕೊಂಡು ಹೋಗುತ್ತೇನೆ. ಮದುವೆಯಾದ ಮೂರನೆಯ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಅವ್ವನ ಮನೆಗೆ ಬಂದವಳು ನಾನು. ನನಗಿಂತ ಆರು ವರ್ಷ ಚಿಕ್ಕವಳಾದ ತಂಗಿ ಮಹಾನಂದಾ ಮದುವೆಯಾಗಲಿಲ್ಲ. ಹೆಣ್ಣುಮಕ್ಕಳ ಸಾಲೆಯಲ್ಲಿ ಲೆಕ್ಕ ಕಲಿಸುತ್ತಾಳೆ. ನಾವು ಅವಳನ್ನು ನಂದಾ ಅಂತಲೇ ಕರೆಯುವುದು.

ನನಗೆ ನಲವತ್ತೆರಡು ತುಂಬಿದ ವರ್ಷ ನಮ್ಮ ಮನೆ ಎರಡಾಯಿತು. ಇದೂ ನಮ್ಮ ಊರಲ್ಲಿ ಆಗುವಂಥದ್ದೇ. ಪಡಸಾಲೆಯ ನಡುವೆ ಒಂದು ಬಿರುಕು ಕಾಣಿಸಿತು. ಯುಗಾದಿಯ ಹೊತ್ತಿಗೆ ಅದರಲ್ಲಿ ಬೆರಳು ಹೋಗುತ್ತಿತ್ತು, ಕಾರಹುಣ್ಣಿಮೆಯ ಹೊತ್ತಿಗೆ ಬೆಕ್ಕು. ಆಮೇಲೆ ಬಡಿಗ ಬಂದು ಎರಡೂ ಅರ್ಧಗಳ ತೆರೆದ ಬದಿಗೆ ಹಲಗೆ ಹೊಡೆದ. ಜನ ಬಿಟ್ಟ ಮನೆ ನಮ್ಮಲ್ಲಿ ಸರಿಯುವುದನ್ನು ನಿಲ್ಲಿಸಿ ಕುಸಿಯತೊಡಗುತ್ತದೆ, ಹಾಗಾಗಿ ಯಾರಾದರೂ ಎರಡೂ ಕಡೆ ಇರಲೇಬೇಕಿತ್ತು. ಅಡುಗೆಮನೆಯ ಅರ್ಧದಲ್ಲಿ ಅವ್ವ ಮತ್ತು ನಾನು ಉಳಿದೆವು, ದೇವರಕೋಣೆಯ ಅರ್ಧದಲ್ಲಿ ನಂದಾ. ಮೊದಮೊದಲು ಕಿಟಕಿಯಿಂದ ಕಿಟಕಿಗೆ ಸಾರಿನ ಬಟ್ಟಲು ಕೈಬದಲಾಗುತ್ತಿತ್ತು. ಮರುವರ್ಷ ನಡುವೆ ಒಂದು ಓಣಿ ಬಂತು. ಅದರ ಮರುವರ್ಷ ನಂದಾಳ ಅರ್ಧ ಕೆರೆಯ ಮೂಡಣ ದಂಡೆಗೆ ಹೋಗಿ ನಿಂತಿತು. ನಮ್ಮದು ಪಡುವಣ ದಂಡೆಯಲ್ಲೇ ಇತ್ತು. ನಡುವೆ ಇಡೀ ಕೆರೆ.

ಅವ್ವ ಹಾಸಿಗೆ ಹಿಡಿದದ್ದು ಆಮೇಲೆ. ಹದಿನೆಂಟು ತಿಂಗಳು ನಾನೇ ಅವಳ ಕಾಲು ಒತ್ತಿದೆ, ಮೈ ಒರೆಸಿದೆ, ಗಂಜಿ ಕುಡಿಸಿದೆ. ನಂದಾ ಪ್ರತಿ ರವಿವಾರ ಕೆರೆ ಸುತ್ತಿಕೊಂಡು ಬಂದು ಸಂಜೆಯವರೆಗೆ ಕೂತು ಹೋಗುತ್ತಿದ್ದಳು. ಒಂದು ಬುಧವಾರ ಮಧ್ಯಾಹ್ನ ಅವ್ವ ಕಣ್ಣು ಬಿಟ್ಟು, "ನಂದಾನ್ನ ಕರೀ" ಅಂದಳು. ನಾನು ಹೂಂ ಅಂದೆ, ಕರೆಯಲಿಲ್ಲ. ಸಂಜೆ ಮತ್ತೆ ಅವಳ ಹೆಸರು ಹಿಡಿದು ಕೇಳಿದಳು. ನಾಳೆ ಕರೆದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಗುರುವಾರ ಬೆಳಿಗ್ಗೆ ಅವ್ವನ ಉಸಿರು ಬೇರೆ ಥರ ಆದಾಗ ಓಡಿಹೋಗಿ ಮೀನುಗಾರ ಹುಸೇನಸಾಬರಿಗೆ ಹೇಳಿದೆ. ಅವರು ತೆಪ್ಪ ಹಾಕಿಕೊಂಡು ಸಾಲೆಗೆ ಹೋಗಿ ನಂದಾಳನ್ನು ಕೂರಿಸಿಕೊಂಡು ಬಂದರು. ಅವಳು ಈ ದಂಡೆಗೆ ಕಾಲಿಡುವಾಗ ನಾನು ಅವ್ವನ ಬಾಯಿಗೆ ನೀರು ಬಿಟ್ಟು ಆಗಿತ್ತು.

ನಂದಾ ಅಳಲಿಲ್ಲ. "ಅವ್ವ ನನ್ನ ಕೇಳಿದ್ಲೇನು?" ಅಂತ ಕೇಳಿದಳು.

"ಇಲ್ಲ" ಅಂದೆ.

ಯಾಕೆ ಹಾಗಂದೆನೋ. ಕೇಳಿದ್ದಳು ಅಂದರೆ ಮತ್ತೇಕೆ ಕರೆಯಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು. ಅವಳು ಸ್ವಲ್ಪ ಹೊತ್ತು ಅವ್ವನ ಮುಖ ನೋಡಿ, "ಒಂದ ದಿನಾ ಮೊದಲ ಹೇಳಿ ಕಳಸಾಕ ನಿನಗೇನಾಗಿತ್ತು? ಇನ್ನ ನಿನಗ ಅಕ್ಕ ಅನ್ನೂದಿಲ್ಲ" ಅಂದಳು. ಸಿಟ್ಟಿನಲ್ಲಿ ಯಾರಾದರೂ ಆಡುವ ಮಾತು ಅಂದುಕೊಂಡೆ. ಒಂಬತ್ತು ವರ್ಷ ಅವಳು ಆ ಮಾತಿಗೆ ತಪ್ಪಲಿಲ್ಲ. ಸಂತೆಯಲ್ಲಿ ಎದುರಾದರೆ ಬದನೆಕಾಯಿ ಆರಿಸುತ್ತ ನಿಲ್ಲುತ್ತಿದ್ದಳು, ನಾನು ದಾಟಿಹೋಗುವವರೆಗೆ.

ನಾನು ಕೆರೆ ಮಂಡಳಿಗೆ ನಿಂತದ್ದು ನೀರಿನ ಮೇಲಿನ ಕಾಳಜಿಯಿಂದಲ್ಲ, ಅದನ್ನು ಈಗ ಒಪ್ಪಿಕೊಳ್ಳುತ್ತೇನೆ. ತೂಬು ಯಾವಾಗ ಎತ್ತಬೇಕು, ಯಾವ ಓಣಿಗೆ ಎಷ್ಟು ಹೊತ್ತು ನೀರು ಬಿಡಬೇಕು, ಬಟ್ಟೆ ಒಗೆಯಲು ಯಾವ ದಂಡೆ ಎಂದು ಐದು ಜನ ಕೂತು ತೀರ್ಮಾನಿಸುತ್ತಾರೆ. ಅದರಲ್ಲಿ ನಂದಾ ಒಬ್ಬಳು. ಒಂದು ಸ್ಥಾನ ಖಾಲಿಯಾದಾಗ ನಾನು ಹೆಸರು ಕೊಟ್ಟೆ. ಓಣಿಯ ಜನ ಕೈಯೆತ್ತಿ ಐದು ವರ್ಷಕ್ಕೆ ಆರಿಸಿದರು. ಏರಿಯ ಮೇಲಿನ ಕಲ್ಲಿನ ಖೋಲಿಯಲ್ಲಿ ಪ್ರತಿ ಸೋಮವಾರ ನಾಲ್ಕರಿಂದ ಆರರವರೆಗೆ ಸಭೆ. ಮೊದಲ ದಿನ ನಾನು ಒಳಗೆ ಬಂದಾಗ ನಂದಾ ನನ್ನತ್ತ ನೋಡದೆ, "ಅಧ್ಯಕ್ಷರ, ಹೊಸಾ ಸದಸ್ಯರಿಗೆ ಕುರ್ಚಿ ಮುಂದ ಎಳಕೋಳಾಕ ಹೇಳ್ರಿ, ಗಾಳಿಗೆ ಕದಾ ಬಡೀತೈತಿ" ಅಂದಳು. ಅಧ್ಯಕ್ಷ ಅಡಿವೆಪ್ಪನವರು ನನಗೆ ಹೇಳಿದರು. ನಾನು ಎಳೆದುಕೊಂಡೆ.

ಹಾಗೆ ಎರಡೂವರೆ ವರ್ಷ ನಡೆಯಿತು. ನನ್ನ ಮಾತೂ ಅವಳ ಮಾತೂ ಅಡಿವೆಪ್ಪನವರ ಮೂಲಕ ಹೋಗಿ ಬರುತ್ತಿದ್ದವು. ಅವರು ಸಹನೆಯ ಮನುಷ್ಯ; ಒಂದೊಂದು ಸಲ ನಾವು ಬಾಯಿ ತೆರೆಯುವ ಮೊದಲೇ ಅತ್ತಿತ್ತ ತಿರುಗಿಕೊಳ್ಳುತ್ತಿದ್ದರು. ಆದರೂ ಎರಡು ಗಂಟೆ ಅವಳ ಎದುರು ಕೂತಿರುತ್ತಿದ್ದೆನಲ್ಲ. ಅವಳ ಕನ್ನಡಕದ ಕಾಲು ಮುರಿದು ದಾರ ಸುತ್ತಿಕೊಂಡದ್ದು, ಕೆಮ್ಮು ವಾಸಿಯಾದದ್ದು, ಕಿವಿಯ ಮೇಲೆ ಮೊದಲ ಬಿಳಿಗೂದಲು ಬಂದದ್ದು ಎಲ್ಲ ನನಗೆ ಗೊತ್ತಾಗುತ್ತಿತ್ತು. ಅವಳ ರವಿಕೆಯ ತೋಳು ಸರಿಯಾಗಿ ಕೂತಿರುತ್ತಿರಲಿಲ್ಲ. ಯಾರೋ ಅರೆಬರೆ ಕಲಿತವರು ಹೊಲಿದದ್ದು. ಅದನ್ನು ಬಿಚ್ಚಿ ಮತ್ತೆ ಹಚ್ಚಿಕೊಡಲು ನನ್ನ ಕೈ ತುಡಿಯುತ್ತಿತ್ತು.

ಮೂರನೆಯ ವರ್ಷದ ಮಾಗಿಯಲ್ಲಿ ನನ್ನ ಮನೆ ಮತ್ತೆ ಹೊರಟಿತು. ದಿನಕ್ಕೆ ನಾಲ್ಕು ಬೆರಳು, ಬಡಗಣಕ್ಕೆ. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಕೆರೆಯ ಅರ್ಧಕ್ಕೆ ಎಣ್ಣೆಗಿರಣಿಯ ಗೋಡೆ ಅಡ್ಡ ಬಂದಿತ್ತು. ಹದಿನೈದು ದಿನದಲ್ಲಿ ನೀರು ಒಂದು ಗೆರೆಯಾಯಿತು. ಆಮೇಲೆ ಅದೂ ಹೋಯಿತು. ಹೊಸ್ತಿಲ ಮೇಲೆ ನಿಂತರೆ ಗೋಡೆಯ ಮೇಲೆ ಬರೆದ 'ಶುದ್ಧ ಕುಸುಬಿ ಎಣ್ಣೆ' ಎಂಬ ಅಕ್ಷರಗಳು ಬಿಟ್ಟರೆ ಏನೂ ಕಾಣದು. ನಾನು ಯಾರಿಗೂ ಹೇಳಲಿಲ್ಲ. ಮಂಡಳಿಯ ಕಾನೂನು ನನಗೆ ಗೊತ್ತಿತ್ತು.

ಎರಡು ತಿಂಗಳಾದ ಮೇಲೆ ಒಂದು ಸೋಮವಾರ ಗುರುಪಾದಪ್ಪನವರು ಎದ್ದುನಿಂತರು. ಅವರು ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಮಂಡಳಿಯ ತೀರ್ಮಾನಗಳನ್ನು ಠರಾವಿನ ಪುಸ್ತಕಕ್ಕೆ ಬರೆಯುವವರೂ ಅವರೇ. ಒಳ್ಳೆಯ ಮನುಷ್ಯ, ಆದರೆ ಅಕ್ಷರ ಬಿಟ್ಟು ಅಲುಗುವವರಲ್ಲ.

"ಚಂಪಕ್ಕಾರ, ತಪ್ಪ ತಿಳಕೋಬ್ಯಾಡ್ರಿ. ನಿಮ್ಮ ಹೊಸ್ತಿಲ ಮ್ಯಾಲ ನಿಂತ್ರ ನೀರು ಕಾಣತೈತೇನ್ರಿ?"

ನಾನು ನಂದಾಳ ಕಡೆ ನೋಡಿದೆ. ಅವಳು ಮೇಜಿನ ಮೇಲಿನ ಕಾಗದ ನೋಡುತ್ತಿದ್ದಳು.

"ಮುಂಜಾನಿ ಹೊತ್ತು ಸ್ವಲ್ಪ ಕಾಣತೈತ್ರಿ" ಅಂದೆ.

ಗುರುಪಾದಪ್ಪನವರು ಕಾನೂನಿನ ಪುಸ್ತಕ ತೆರೆದರು. ನಾಲ್ಕೇ ಪುಟದ ಪುಸ್ತಕ ಅದು. "ಮಂಡಳಿಯ ಸದಸ್ಯರಾಗತಕ್ಕವರ ಮನೆಯ ಹೊಸ್ತಿಲಿನಿಂದ ಕೆರೆಯ ನೀರು ಕಾಣತಕ್ಕದ್ದು" ಎಂದು ಓದಿದರು.

"ಆಗತಕ್ಕವರ, ಅಂತೈತಲ್ರಿ" ಅಂದರು ಹುಸೇನಸಾಬ. ಅವರೂ ಮಂಡಳಿಯ ಸದಸ್ಯರು. "ಆಗೂ ಮುಂದ ಚಂಪಕ್ಕಗ ನೀರು ಕಾಣತಿತ್ತು. ಆಗಿಬಿಟ್ಟಾರ. ಮುಗೀತಲ್ಲ. ಆದವರದು ಅಂತ ಎಲ್ಲಿ ಬರದೈತಿ?"

"ಬರದಿಲ್ಲ. ಯಾಕಂದ್ರ ಇಲ್ಲೀತನಕ ಯಾರೂ ಕೇಳೂ ಪ್ರಸಂಗಾನ ಬಂದಿಲ್ಲ. ಮನಿ ಸರದವರು ತಾವ ಎದ್ದು ಹೋಗತಿದ್ರು."

ಅದು ನಿಜ. ಹಾಗೆ ಎದ್ದುಹೋಗದೆ ಕೂತವಳು ನಾನೇ ಮೊದಲಿಗಳು. ಅಡಿವೆಪ್ಪನವರು ತಲೆ ಕೆರೆದುಕೊಂಡು, ಮೊದಲು ಯಾರಾದರೊಬ್ಬರು ಹೋಗಿ ಹೊಸ್ತಿಲ ಮೇಲೆ ನಿಂತು ನೋಡಿಬರಲಿ, ನೀರು ಕಾಣಬೇಕೆಂಬ ಅರ್ಹತೆ ಆರಿಸಿಬಂದ ಒಂದು ದಿನಕ್ಕೋ ಐದೂ ವರ್ಷಕ್ಕೋ ಎಂಬುದನ್ನು ಮುಂದಿನ ಸೋಮವಾರ ಕೈಯೆತ್ತಿಸಿ ತೀರ್ಮಾನಿಸೋಣ ಎಂದರು. ನಾನು ಕೈಯೆತ್ತುವಂತಿಲ್ಲ, ಅಧ್ಯಕ್ಷರು ಎತ್ತುವ ಪದ್ಧತಿಯಿಲ್ಲ. ಉಳಿದವರು ಮೂವರು. ಗುರುಪಾದಪ್ಪನವರೂ ಹುಸೇನಸಾಬರೂ ಯಾವ ಕಡೆ ಎಂಬುದು ಆಗಲೇ ಗೊತ್ತಾಗಿತ್ತು. ನೋಡಿಬರುವ ಕೆಲಸವೂ ಅದೇ ಕಾರಣಕ್ಕೆ ಮೂರನೆಯವರ ಮೇಲೆ ಬಿತ್ತು.

"ಗುರವಾರ ಸಾಲಿ ಬಿಟ್ಟಮ್ಯಾಲೆ ಬರತೇನಂತ ಸದಸ್ಯರಿಗೆ ತಿಳಸ್ರಿ" ಅಂದಳು ನಂದಾ ಅಡಿವೆಪ್ಪನವರಿಗೆ.

ಗುರುವಾರ ನಾನು ಅಂಗಳ ಎರಡು ಸಲ ಗುಡಿಸಿದೆ. ಅವಳಿಗೆ ಇಷ್ಟ ಎಂದು ಶೇಂಗಾ ಹುರಿದೆ. ಹುರಿದಿಟ್ಟರೆ ಲಂಚದಂತೆ ಕಂಡೀತು ಅನ್ನಿಸಿ ಡಬ್ಬಿಯಲ್ಲಿ ಮುಚ್ಚಿಟ್ಟೆ. ನಾಲ್ಕೂವರೆಗೆ ಬಂದಳು. ಒಂಬತ್ತು ವರ್ಷದ ಮೇಲೆ. ಚಪ್ಪಲಿ ಕಳೆದು ಮೆಟ್ಟಿಲು ಹತ್ತಿ, ಒಳಗೆ ಬಾರದೆ ಹೊಸ್ತಿಲ ಮೇಲೆಯೇ ತಿರುಗಿ ನಿಂತಳು. ಅವಳ ಬೆನ್ನು ನನ್ನ ಕಡೆಗಿತ್ತು. ಹಿಂದಿನಿಂದ ನೋಡಿದರೆ ತುರುಬಿನ ಕೆಳಗಿನ ಕುತ್ತಿಗೆ ಥೇಟು ಅವ್ವನದು. ಇಷ್ಟು ದಿನ ಎದುರಿಗೇ ಕೂತು ನೋಡಿದವಳಿಗೆ ಅದು ಗೊತ್ತೇ ಆಗಿರಲಿಲ್ಲ.

ಇಬ್ಬರ ನಡುವೆ ಅಧ್ಯಕ್ಷರಿರಲಿಲ್ಲ. ಹೇಗೆ ಮಾತಾಡುವುದೆಂದು ಅವಳಿಗೂ ತಿಳಿಯದಾಯಿತೇನೋ. "ಇನ್ನೊಂದ ಕದಾನೂ ತಗೀಬೇಕು" ಅಂತ ಬಾಗಿಲಿಗೆ ಹೇಳಿದಂತೆ ಹೇಳಿದಳು. ನಾನು ಅವಳ ಪಕ್ಕ ಕೈಚಾಚಿ ಕದ ತೆಗೆದೆ. ಗೋಡೆ, ಎಣ್ಣೆಯ ಅಕ್ಷರಗಳು, ಅದರ ಮೇಲೆ ಇಳಿಬಿಸಿಲು. ಅವಳು ಬಲಕ್ಕೆ ಬಾಗಿ ನೋಡಿದಳು, ಎಡಕ್ಕೆ ಬಾಗಿ ನೋಡಿದಳು. ಸುಮ್ಮನೆ ಹೇಳಿಬಿಡಲಿಲ್ಲ, ಸರಿಯಾಗಿಯೇ ನೋಡಿದಳು.

"ಎಷ್ಟ ದಿನಾ ಆತು?"

"ಎರಡ ತಿಂಗಳಾತು."

"ಮತ್ತ ಮುಂಜಾನಿ ಕಾಣತೈತಿ ಅಂದದ್ದು?"

"ಸುಳ್ಳ ಹೇಳಿದೆ."

"ಯಾಕ?"

"ಸೋಮವಾರ ಹೋಗಿಬಿಡತೈತಿ ಅಂತ."

ಬಾಗಿಲ ಚೌಕಟ್ಟಿನ ಮೇಲಿದ್ದ ಅವಳ ಬೆರಳುಗಳು ಬಿಗಿಯಾದದ್ದು ಕಂಡಿತು. ಇನ್ನು ಸ್ವಲ್ಪ ಹೊತ್ತಿಗೆ ಇಳಿದು ಹೊರಟುಹೋಗುತ್ತಾಳೆ. ಆಮೇಲೆ ಅವಳು ನನ್ನ ಮನೆಗೆ ಬರಲು ಯಾವ ಕಾರಣವೂ ಇರುವುದಿಲ್ಲ. ನಾನು ಅವಳ ಬೆನ್ನಿಗೇ ಹೇಳಿದೆ. ಮುಖ ನೋಡಿದ್ದರೆ ಆಗುತ್ತಿರಲಿಲ್ಲ.

"ಇನ್ನೊಂದು ಸುಳ್ಳೂ ಹೇಳೇನಿ ನಂದಾ. ಅವ್ವ ನಿನ್ನ ಕೇಳಿದ್ಲು. ಹಿಂದಿನ ದಿನಾನ ಕೇಳಿದ್ಲು, ಎರಡ ಸಲ. ನಾನ ಕರೀಲಿಲ್ಲ."

ಗಿರಣಿಯ ಯಂತ್ರ ನಿಲ್ಲುವ ಹೊತ್ತು ಅದು. ನಿಂತಿತು. ಅಷ್ಟು ನಿಶ್ಶಬ್ದವಾಯಿತೆಂದರೆ ನಾನು ಉಳಿದದ್ದನ್ನೂ ಹೇಳಲೇಬೇಕಾಯಿತು. "ಹದಿನೆಂಟ ತಿಂಗಳ ನಾ ಅಕಿ ಹಂತ್ಯಾಕ ಇದ್ದೆ. ಒಂದ ದಿನಾನೂ ನನ್ನ ಹೆಸರ ಹಿಡದು ಕರೀಲಿಲ್ಲ. ಕಡೀಕ ನಿನ್ನ ಹೆಸರ ಹಿಡದ್ಲು. ಹೊಟ್ಟ್ಯಾಗ ಬೆಂಕಿ ಬಿದ್ಹಂಗಾತು. ನಾಳೆ ಕರದ್ರಾತು ಅಂದೆ. ನಾಳೆ ಅಕಿ ಉಳೀಲಿಲ್ಲ."

ನಂದಾ ತಿರುಗಲಿಲ್ಲ. ಮೆಟ್ಟಿಲಿಳಿದು ಚಪ್ಪಲಿಯನ್ನು ಕಾಲಿಗೆ ಹಾಕದೆ ಕೈಯಲ್ಲಿ ಹಿಡಿದುಕೊಂಡು, ಬರಿಗಾಲಲ್ಲಿ ಗಿರಣಿಯ ಗೋಡೆಗುಂಟ ನಡೆದುಹೋದಳು.

ಸೋಮವಾರ ನಾನು ಎಲ್ಲರಿಗಿಂತ ಮೊದಲು ಹೋಗಿ ನನ್ನ ಕುರ್ಚಿಯಲ್ಲಿ ಕೂತೆ. ಹುಸೇನಸಾಬರು ಮೊದಲು ಮಾತಾಡಿದರು. "ಜನಾ ಕೈ ಎತ್ತಿದ್ದು ಐದ ವರ್ಷಕ್ಕರಿ. ಎತ್ತಿದ ಕೈ ನಡುವ ಇಳಸಾಕ ನಾವ್ಯಾರು? ಸರದದ್ದು ಮನಿ. ಚಂಪಕ್ಕ ಒಂದ ಸೋಮಾರಾನೂ ತಪ್ಪಿಸಿಲ್ಲ. ನಮ್ಮೂರಾಗ ಮನಿ ಯಾರ ಮಾತ ಕೇಳತಾವ?"

ಆಮೇಲೆ ಗುರುಪಾದಪ್ಪನವರು. ಅವರ ದನಿ ಆ ದಿನ ಕೋರ್ಟಿನ ದನಿಯಾಗಿರಲಿಲ್ಲ. "ನಮ್ಮಪ್ಪನೂ ಈ ಮಂಡಳ್ಯಾಗ ಇದ್ದ. ಹೊಸ್ತಿಲಿಗೆ ನೀರು ಮರೆಯಾದ ದಿನಾನ ರಾಜೀನಾಮೆ ಬರದು ಕೊಟ್ಟು ಬಂದ. ಯಾರೂ ಹೇಳಿರಲಿಲ್ಲ ಅವಗ. ಆಮ್ಯಾಲೆ ಹನ್ನೆರಡ ವರ್ಷ ಬದಕಿದ್ದ. ಸೋಮಾರ ನಾಲ್ಕ ಹೊಡೀತಂದ್ರ ಅಂಗಿ ತೊಟಗೊಂಡು ಕಟ್ಟಿ ಮ್ಯಾಲ ಕುಂದರತಿದ್ದ, ಆರಕ್ಕ ಅಂಗಿ ಕಳೀತಿದ್ದ. ಕಷ್ಟ ಗೊತ್ತಿಲ್ಲದ ಹೇಳಾಕತ್ತಿಲ್ಲ ನಾನು. ಆದ್ರ ಆವತ್ತು ಅವಗ ಒಂದು, ಇವತ್ತ ಇವರಿಗೆ ಒಂದು ಅಂದ್ರ ನಮ್ಮಪ್ಪ ಸುಮ್ಮ ಸುಮ್ಮನ ಎದ್ದು ಬಂದಂಗ ಆಗತೈತಿ."

ಅಡಿವೆಪ್ಪನವರು ನಂದಾಳ ಕಡೆ ತಿರುಗಿದರು. "ಏನ ಕಂಡ್ರಿ ಬಾಯಾರ?"

ನಂದಾ ಎದ್ದು ನಿಂತಳು. ನಿದ್ದೆಗೆಟ್ಟವಳ ಹಾಗೆ ಅವಳ ಕಣ್ಣು ಕೆಂಪಾಗಿದ್ದವು.

"ಕಾಣೂದಿಲ್ಲ" ಅಂದಳು. "ಕುಂತ್ರೂ ಕಾಣೂದಿಲ್ಲ, ನಿಂತ್ರೂ ಕಾಣೂದಿಲ್ಲ." ಅಧ್ಯಕ್ಷರತ್ತ ತಿರುಗಿದಳು. "ಆಗೂ ದಿನಕ್ಕಷ್ಟ ಈ ಕಾನೂನು ಅಂತ ಹುಸೇನಸಾಬರು ಅಂತಾರ. ನನಗ ಹಂಗ ಅನಸೂದಿಲ್ಲ. ಮುಂಜಾನೆದ್ದು ಬಾಗಲಾ ತಗದ ಕೂಡಲೆ ನೀರು ಎಷ್ಟ ಇಳದೈತಿ ಅನ್ನೂದು ಕಣ್ಣಿಗೆ ಬೀಳಬೇಕು, ಅದಕ್ಕ ಮಾಡ್ಯಾರ ಇದನ್ನ. ಆರಿಸಿ ಬಂದ ದಿನಾ ಒಮ್ಮೆ ಕಂಡ್ರ ಏನ ಬಂತು? ಐದೂ ವರ್ಷ ಕಾಣಬೇಕು. ನನ್ನ ಮನಿ ಸರದ್ರ ನಾನೂ ಎದ್ದು ಹೋಗಬೇಕು."

ಅಷ್ಟೇ. ಇಬ್ಬರು ಒಂದು ಕಡೆ, ಹುಸೇನಸಾಬರು ಒಬ್ಬರೇ ಒಂದು ಕಡೆ. ನನ್ನ ಕೈಗಳು ತೊಡೆಯ ಮೇಲೆ ಯಾರವೋ ಕೈಗಳಂತೆ ಬಿದ್ದಿದ್ದವು. ಗುರುಪಾದಪ್ಪನವರು ಠರಾವಿನ ಪುಸ್ತಕ ತೆರೆದು, ಲೇಖನಿಯ ಮುಚ್ಚಳ ತೆಗೆದರು. ನಂದಾ ಹೇಳುತ್ತ ಹೋದಳು.

"ಬರಕೋರಿ. ಅಕ್ಕನ ಮನಿ ಹೊಸ್ತಿಲಿನಿಂದ ನೀರು ಕಾಣೂದಿಲ್ಲ."

ಲೇಖನಿ ನಿಂತಿತು. ಗುರುಪಾದಪ್ಪನವರು ತಲೆಯೆತ್ತಿ, "ಸದಸ್ಯರ ಮನಿ, ಅಂತ ಬರೀಲೇನ್ರಿ?" ಅಂದರು.

"ಈಗ ಸದಸ್ಯರಲ್ಲಲ್ಲ" ಅಂದಳು ನಂದಾ. "ಅಕ್ಕನ ಮನಿ ಅಂತ ಬರೀರಿ."

ಅವರು ಹಾಗೇ ಬರೆದರು. ನಾನು ಅದರ ಕೆಳಗೆ ಸಹಿ ಹಾಕಿದೆ. ಎದ್ದಾಗ ಗುರುಪಾದಪ್ಪನವರು ನನಗೆ ಕೈಮುಗಿದರು. ನಂದಾ ಅಷ್ಟರಲ್ಲಿ ಮುಂದಿನ ವಿಷಯದ ಕಾಗದ ಎತ್ತಿಕೊಂಡಿದ್ದಳು.

ಅದರ ಮುಂದಿನ ಸೋಮವಾರ ನಾಲ್ಕು ಗಂಟೆಗೆ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಯಾರದೋ ರವಿಕೆಯ ಎರಡೂ ತೋಳುಗಳನ್ನು ಬಲಗೈಗೇ ಕತ್ತರಿಸಿಬಿಟ್ಟೆ. ಕತ್ತರಿ ಇಟ್ಟು ಏರಿಯ ಹತ್ತಿರ ಹೋಗಿ ಖೋಲಿಯ ಕೆಳಗಿನ ಮೆಟ್ಟಿಲ ಮೇಲೆ ಕೂತೆ. ಒಳಗಿನ ಮಾತು ಕೇಳುತ್ತಿರಲಿಲ್ಲ. ಅವಳ ದನಿ ಯಾವುದು ಎಂಬುದಷ್ಟೇ ತಿಳಿಯುತ್ತಿತ್ತು. ಆರಕ್ಕೆ ಎಲ್ಲರೂ ಇಳಿದರು. ನಂದಾ ಕೊನೆಗೆ ಬಂದು ನನ್ನ ಹತ್ತಿರ ನಿಂತಳು. ಅವಳ ದಾರಿ ಮೂಡಣಕ್ಕೆ. ಆದರೂ ನಾನು ಎದ್ದಾಗ ಪಡುವಣದ ಕಡೆ ನನ್ನ ಜೊತೆ ನಡೆದಳು. ಗಿರಣಿಯ ಮೂಲೆಯ ಹತ್ತಿರ ನಿಂತು, "ಎರಡ ಸಲ ಅಂದಿ. ಎರಡನೇ ಸಲ ಏನಂದ್ಲು?" ಅಂತ ಕೇಳಿದಳು.

"'ನಂದಾ ಬಂದ್ಲೇನು' ಅಂದ್ಲು."

ತಲೆಯಾಡಿಸಿ ತಿರುಗಿ ಹೋದಳು.

ಅಂದಿನಿಂದ ಪ್ರತಿ ಸೋಮವಾರ ಹೀಗೇ. ಗಿರಣಿಯ ಮೂಲೆಯವರೆಗೆ ಬರುತ್ತಾಳೆ, ಒಂದು ಪ್ರಶ್ನೆ ಕೇಳುತ್ತಾಳೆ, ಹೋಗುತ್ತಾಳೆ. ಆ ದಿನ ಅವ್ವ ಗಂಜಿ ಕುಡಿದಿದ್ದಳೇ? ಯಾವ ಮಗ್ಗುಲಿಗೆ ಮಲಗಿದ್ದಳು? ಹೆಸರು ಹಿಡಿದಾಗ ಕಣ್ಣು ತೆರೆದಿತ್ತೇ, ಮುಚ್ಚಿತ್ತೇ? ನಾನು ನೆನಪಿದ್ದಷ್ಟನ್ನು ಹೇಳುತ್ತೇನೆ. ಅಕ್ಕ ಎಂಬ ಮಾತು ಮಾತ್ರ ಠರಾವಿನಲ್ಲಿ ಬರೆಸಿದ ಮೇಲೆ ಅವಳ ಬಾಯಿಂದ ಮತ್ತೆ ಬಂದಿಲ್ಲ. ನಾನು ಕಿವಿಗೊಟ್ಟು ಕಾಯುತ್ತೇನೆ, ಬರುವುದಿಲ್ಲ. ಅವ್ವನ ಕೊನೆಯ ಎರಡು ದಿನಗಳು ಎಷ್ಟು ಸಣ್ಣವೆಂದು ನನಗೆ ಆಗ ಗೊತ್ತಾಯಿತು. ಹೇಳುವುದು ತೀರುತ್ತ ಬಂತು. ಒಂದೆರಡು ವಿಷಯ ಕಟ್ಟಿ ಹೇಳಿಬಿಡೋಣವೇ ಅಂತಲೂ ಅನ್ನಿಸಿತು. ನನ್ನಿಂದ ಆಗಲಿಲ್ಲ. ಹೋದ ಸೋಮವಾರ ಅವಳು ಕೇಳಿದಾಗ, "ಇನ್ನ ಏನೂ ಉಳದಿಲ್ಲ ನಂದಾ, ಇಷ್ಟ" ಅಂದೆ. ಅವಳು "ಆತು" ಅಂದು ಹೊರಟುಹೋದಳು.

ಈ ವಾರವೆಲ್ಲ ನನ್ನ ಮನೆ ಇನ್ನೂ ಬಡಗಣಕ್ಕೆ ಸರಿದು, ಗಿರಣಿಯ ಹಿಂದಿನ ಜೋಳದ ಹೊಲ ದಾಟಿ ನಿಂತಿದೆ. ಈ ಸೋಮವಾರ ಅಲ್ಲಿಂದ ಏರಿಗೆ ಬರಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಹೇಳಲು ಏನೂ ಇಲ್ಲದೆ ಯಾಕೆ ಹೋಗುತ್ತಿದ್ದೇನೆಂದು ದಾರಿಯುದ್ದಕ್ಕೂ ಕೇಳಿಕೊಂಡೆ. ಆರಕ್ಕೆ ನಂದಾ ಇಳಿದು ಬಂದಳು, ನನ್ನನ್ನು ನೋಡಿದಳು, ಸುಮ್ಮನೆ ಜೊತೆಗೆ ನಡೆಯತೊಡಗಿದಳು. ಏನೂ ಕೇಳಲಿಲ್ಲ. ಗಿರಣಿಯ ಮೂಲೆ ಬಂತು. ನಾನು ನಿಂತೆ. ಅವಳು ನಾಲ್ಕು ಹೆಜ್ಜೆ ಮುಂದೆ ಹೋಗಿ ತಿರುಗಿ ನೋಡಿದಳು.

"ಮನಿ ಈಗ ಎಲ್ಲೈತಿ?"

"ಭಾಳ ದೂರ ಹೋಗೇತಿ" ಅಂದೆ. "ಕತ್ತಲಾದೀತು ನಿನಗ."

"ಆಗಲಿ" ಅಂದಳು. "ನಡಿ."